ಸರಕಾರ ಬರಬೇಕು, ಆದರೆ ಬರುತ್ತದೆ ಅಂತ ನಂಬಿ ಸಾಲ ಮಾಡಬೇಡಿ

ಆನ್‌ಲೈನ್ ಮಾರಾಟದ ಆ್ಯಪ್‌ನಲ್ಲಿ ಹುಡುಕಿದರೆ ಮೇಲೆ ಕಾಣುತ್ತಿದ್ದ ನಿಮ್ಮ ಉಪ್ಪಿನಕಾಯಿ ಪುಟವನ್ನು ಆ್ಯಪ್‌ನವರು ಕೆಳಗೆ ತಳ್ಳಿದ್ದಾರೆ. ಇಷ್ಟು ದೊಡ್ಡ ಟೆಕ್ ಕಂಪನಿಗಳ ವಿಷಯದಲ್ಲಿ ಸರಕಾರ ಕೈಹಾಕಬೇಕಾ, ಮಾರುಕಟ್ಟೆಗೇ ಬಿಡಬೇಕಾ, ಅಲ್ಲಿಯವರೆಗೆ ತಡೆದುಕೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ತಡೆದುಕೊಂಡು ಕೂರಬೇಡಿ. ನಾನು ಕೂತಿದ್ದೆ.

ನಮ್ಮದು ತಿಪಟೂರು ಕಡೆ, ಕೊಬ್ಬರಿ ಊರು. ನಾನು ಮಾರುತ್ತಿದ್ದದ್ದು ಈಳಿಗೆ ಮಣೆ. ಹಲಸಿನ ಮರದ್ದು, ಮಡಚಿ ಇಡುವಂಥದ್ದು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಈಗ ನೆಲದ ಮೇಲೆ ಕೂತು ಯಾರು ತುರಿಯುತ್ತಾರೆ ಅನ್ನಬೇಡಿ, ಬೆಂಗಳೂರು, ಪುಣೆ, ಚೆನ್ನೈನ ಫ್ಲಾಟುಗಳಿಂದ ಆರ್ಡರ್ ಬರುತ್ತಿತ್ತು. ಮಂಡಿನೋವಿನವರಿಗೆ ಅಂತ ಅಡುಗೆಮನೆ ಕಟ್ಟೆಗೆ ಕ್ಲಾಂಪ್ ಹಾಕಿ ಕೂರಿಸುವ ಇನ್ನೊಂದು ಬಗೆಯನ್ನೂ ಮಾಡಿಸಿದೆ. ಅದೇ ಜಾಸ್ತಿ ಓಡಿತು. ಆ್ಯಪ್‌ನಲ್ಲಿ ತೆಂಗಿನ ತುರಿಮಣೆ ಅಂತ ಹುಡುಕಿದರೆ ಮೊದಲಿಗೆ ನನ್ನದೇ ಕಾಣುತ್ತಿತ್ತು.

ಆಮೇಲೆ ಒಬ್ಬ ಹೊಸ ಮಾರಾಟಗಾರ ಬಂದ. ಅದೇ ಕ್ಲಾಂಪು, ಅದೇ ಅಳತೆ. ಫೋಟೊದಲ್ಲಿ ನಾನು ಪಕ್ಕಕ್ಕೆ ಇಟ್ಟಿದ್ದ ಹಾಗೇ ಅರ್ಧ ಹೋಳು ಕಾಯಿ ಕೂಡ! ಬೆಲೆ ಮಾತ್ರ ನನ್ನ ಅಸಲಿಗಿಂತ ಕಡಿಮೆ. ಅವನಿಗೂ ಆ್ಯಪ್‌ನವರಿಗೂ ನಂಟಿದೆ ಅಂತ ವ್ಯಾಪಾರಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಸಾಬೀತು ಮಾಡಲು ನನ್ನ ಹತ್ತಿರ ಒಂದು ಕಾಗದವೂ ಇರಲಿಲ್ಲ, ಹಾಗಾಗಿ ಆ್ಯಪ್‌ನ ಹೆಸರು ಹೇಳುವುದಿಲ್ಲ. ಅವನ ಮಣೆ ಮೊದಲನೇ ಸಾಲಿಗೆ ಬಂತು, ನನ್ನದು ಮೂರನೇ ಪುಟಕ್ಕೆ ಹೋಯಿತು. ದೂರು ಕೊಟ್ಟರೆ ಯಂತ್ರ ಬರೆದ ಹಾಗಿರುವ ಉತ್ತರ. ಜಾಹೀರಾತಿಗೆ ದುಡ್ಡು ಹಾಕಿ, ಮೇಲೆ ಬರುತ್ತೀರಿ ಅಂದರು. ಹಾಕಿದೆ. ದುಡ್ಡು ಹಾಕಿದಷ್ಟು ದಿನ ಮೇಲೆ, ನಿಲ್ಲಿಸಿದ ಮಾರನೇ ದಿನ ಮತ್ತೆ ಕೆಳಗೆ.

ಇಲ್ಲಿಯವರೆಗೆ ನಿಮ್ಮ ಕಥೆಯೂ ಇದೇ ಅಲ್ವಾ? ನನ್ನನ್ನು ನಿಜವಾಗಿ ಮುಳುಗಿಸಿದ್ದು ಇದಲ್ಲ. ಮುಳುಗಿಸಿದ್ದು ಪೇಪರಿನ ಒಂದು ಸುದ್ದಿ.

2020ರ ಜನವರಿಯಲ್ಲಿ ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಭಾರತೀಯ ಸ್ಪರ್ಧಾ ಆಯೋಗ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶ ಮಾಡಿತು. ದೂರು ಕೊಟ್ಟದ್ದು ದಿಲ್ಲಿ ವ್ಯಾಪಾರ ಮಹಾಸಂಘ. ತಮಗೆ ಬೇಕಾದ ಕೆಲವು ಮಾರಾಟಗಾರರನ್ನೇ ಮೇಲೆ ತೋರಿಸುತ್ತಾರೆ, ವಿಪರೀತ ರಿಯಾಯಿತಿ ಕೊಡುತ್ತಾರೆ, ಹೊಸ ಮೊಬೈಲ್‌ಗಳನ್ನು ತಮ್ಮಲ್ಲಿ ಮಾತ್ರ ಬಿಡುಗಡೆ ಮಾಡಿಸುತ್ತಾರೆ ಅನ್ನುವುದು ದೂರು. ನಾನು ಮಾರುತ್ತಿದ್ದ ಆ್ಯಪ್ ಈ ಎರಡರಲ್ಲಿ ಯಾವುದೂ ಅಲ್ಲ. ಆದರೆ ಇವರಿಬ್ಬರಿಗೆ ಬರೆ ಬಿದ್ದರೆ ಉಳಿದವರು ತಾವಾಗೇ ನೆಟ್ಟಗಾಗುತ್ತಾರೆ ಅಂತ ನನ್ನ ಲೆಕ್ಕ. ಆದೇಶದಲ್ಲಿ ತನಿಖಾ ವರದಿಗೆ ಕೊಟ್ಟಿದ್ದ ಗಡುವು 60 ದಿನ. ಆ 60 ಅನ್ನುವ ಅಂಕಿ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಾರ್ಚಿಗೆ ವರದಿ, ಮಳೆಗಾಲಕ್ಕೆ ತೀರ್ಪು, ದೀಪಾವಳಿ ಹೊತ್ತಿಗೆ ನನ್ನ ಮಣೆ ಮತ್ತೆ ಮೊದಲನೇ ಸಾಲಿನಲ್ಲಿ. ಆಗ ಸ್ಟಾಕ್ ಇಲ್ಲದಿದ್ದರೆ? ಹೆಂಡತಿಯ ಒಡವೆ ಅಡ ಇಟ್ಟೆ, ಮೇಲೆ ಸಾಲ ತೆಗೆದೆ, ಮರ ಕೊಂಡೆ, ಕಮ್ಮಾರರಿಗೆ ಮುಂಗಡ ಕೊಟ್ಟೆ, ಗೋದಾಮು ಬಾಡಿಗೆಗೆ ಹಿಡಿದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವೂ ಇದನ್ನೇ ಮಾಡುವ ಅಂಚಿನಲ್ಲಿದ್ದೀರಿ ಅಂತ ನಿಮ್ಮ ಪ್ರಶ್ನೆಯಿಂದ ಅನ್ನಿಸಿತು.

ಸ್ಪರ್ಧಾ ಕಾಯ್ದೆ 2002ರದ್ದು. ಅದರ 26(1)ನೇ ಕಲಂನಲ್ಲಿ ಆಯೋಗ ಹೇಳುವುದು ಇಷ್ಟೇ: ಮೇಲುನೋಟಕ್ಕೆ ಇಲ್ಲೇನೋ ಇದೆ, ನೋಡಿ. ನಮ್ಮೂರಿನ ಮಾತಲ್ಲಿ, ಕಂಪ್ಲೇಂಟ್ ತಗೊಂಡರು ಅಂತ. ಅದಾದ ಮೇಲೆ ಆಯೋಗದ ತನಿಖಾ ವಿಭಾಗವಾದ ಮಹಾನಿರ್ದೇಶಕರ ಕಚೇರಿ ತನಿಖೆ ಮಾಡಬೇಕು. ವರದಿ ಬರಬೇಕು. ಕಂಪನಿಗಳು ಆಕ್ಷೇಪಣೆ ಹಾಕುತ್ತವೆ. ವಿಚಾರಣೆ ಆಗಬೇಕು. ಆಗ ಆಯೋಗದ ಆದೇಶ. ಅದರ ಮೇಲೆ ಮೇಲ್ಮನವಿ ನ್ಯಾಯಮಂಡಳಿ, ಅಲ್ಲಿಂದ ಸುಪ್ರೀಂ ಕೋರ್ಟ್. ಇವುಗಳ ನಡುವೆ ಎಲ್ಲಿ ಬೇಕಾದರೂ ಹೈಕೋರ್ಟಿಗೆ ರಿಟ್ ಹಾಕಬಹುದು. ನಾನು ಮೊದಲ ಮೆಟ್ಟಿಲನ್ನು ನೋಡಿ ಅಟ್ಟ ಹತ್ತಿದೆ ಅಂದುಕೊಂಡೆ. ತುಮಕೂರಿನಲ್ಲಿ ವಕೀಲಿಕೆ ಮಾಡುವ ಗೆಳೆಯ ಆಗಲೇ ಹೇಳಿದ್ದ, "ಇದು ತನಿಖೆ ಕಣೋ, ತೀರ್ಪಲ್ಲ" ಅಂತ. ನಿನಗೆ ವ್ಯಾಪಾರ ಗೊತ್ತಾಗಲ್ಲ ಅಂದುಬಿಟ್ಟೆ.

ಮುಂದೆ ಆದದ್ದು ಪೇಪರಿನಲ್ಲೇ ಬಂದಿದೆ. ಫೆಬ್ರುವರಿಯಲ್ಲೇ ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ ಕಂಪನಿಗಳ ಅರ್ಜಿ ವಜಾ ಮಾಡಿತು, ಜುಲೈನಲ್ಲಿ ವಿಭಾಗೀಯ ಪೀಠವೂ ಅದನ್ನೇ ಹೇಳಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತನಿಖೆಗೆ ಅಡ್ಡ ಬರಲು ಒಪ್ಪಲಿಲ್ಲ. ಅಂದರೆ ತನಿಖೆ ಶುರು ಮಾಡಬಹುದಾ ಅನ್ನುವ ಒಂದೇ ಪ್ರಶ್ನೆಗೆ ಒಂದೂವರೆ ವರ್ಷ. ನಿಯಮ ಮುರಿದಿದ್ದಾರೆ ಅಂತ ತನಿಖಾ ವರದಿ ಹೇಳಿದ್ದು 2024ರಲ್ಲಿ. ಅದನ್ನೂ ಪ್ರಶ್ನಿಸಿ ಬೇರೆ ಬೇರೆ ಹೈಕೋರ್ಟುಗಳಲ್ಲಿ ಅರ್ಜಿಗಳು ಬಿದ್ದವು.

ಲಾಕ್‌ಡೌನ್ ಬಂತಲ್ಲ, ಅದರಿಂದ ನಷ್ಟ ಆಗಿರಬೇಕು ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ಇಲ್ಲ. 2020ರ ಮಾರ್ಚ್ ಕೊನೆಯಿಂದ ಕೆಲವು ವಾರ ಅಗತ್ಯ ವಸ್ತು ಬಿಟ್ಟು ಬೇರೇನೂ ಆನ್‌ಲೈನ್‌ನಲ್ಲಿ ಮಾರುವಂತಿರಲಿಲ್ಲ, ಈಳಿಗೆ ಮಣೆ ಆ ಪಟ್ಟಿಯಲ್ಲಿ ಇರಲಿಲ್ಲ, ಅದು ಸರಿ. ಆದರೆ ತೆರೆದ ಮೇಲೆ ಮನೆಯಲ್ಲೇ ಕೂತ ಜನ ಅಡುಗೆ ಸಾಮಾನು ಚೆನ್ನಾಗೇ ಕೊಂಡರು. ಮೊದಲನೇ ಸಾಲಿನಲ್ಲಿ ಕಂಡದ್ದನ್ನು ಕೊಂಡರು. ನನ್ನ ಮಾಲು ಗೋದಾಮಿನಲ್ಲಿ ಕೂತಿತ್ತು. ಹಲಸಿನ ಮರಕ್ಕೇನೂ ಆಗಲಿಲ್ಲ, ಅಲಗುಗಳು ತುಕ್ಕು ಹಿಡಿದವು. ಆ ಸುದ್ದಿ ಓದದೇ ಇದ್ದಿದ್ದರೆ ಇದ್ದ ಸ್ಟಾಕನ್ನು ಅರಸೀಕೆರೆ, ತುಮಕೂರಿನ ಪಾತ್ರೆ ಅಂಗಡಿಗಳಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ, ಅಷ್ಟೇ. ಸುದ್ದಿ ಸುಳ್ಳಲ್ಲ, ಆದೇಶವೂ ತಪ್ಪಲ್ಲ. ಸರಕಾರದ ಗಡಿಯಾರಕ್ಕೆ ನನ್ನ ಬಡ್ಡಿಯ ಗಡಿಯಾರವನ್ನು ಹೊಂದಿಸಿದ್ದೇ ತಪ್ಪು. ಒಡವೆ ಬಿಡಿಸಲಾಗಲಿಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಸರಕಾರವೋ ಮಾರುಕಟ್ಟೆಯೋ ಅಂತ ನೀವು ಎರಡು ಬಾಗಿಲು ತೋರಿಸಿದ್ದೀರಿ. ನನಗೆ ಆ ವಿಂಗಡಣೆಯೇ ಒಪ್ಪಿಗೆಯಿಲ್ಲ. ತಿಪಟೂರಿನ ಎಪಿಎಂಸಿ ಯಾರ್ಡಿಗೆ ಒಮ್ಮೆ ಬಂದು ನೋಡಿ. ಅಲ್ಲಿ ಕೊಬ್ಬರಿ ವ್ಯಾಪಾರ ನಡೆಯುವುದೇ ತೂಕಕ್ಕೆ, ಟೆಂಡರಿಗೆ, ದಲ್ಲಾಳಿಯ ಲೈಸೆನ್ಸಿಗೆ ಕಾನೂನು ಇರುವುದರಿಂದ. 1966ರ ಕಾಯ್ದೆ ಅದು. ದೋಷ ಬೇಕಾದಷ್ಟಿದೆ, ಬೈಯುವವರಲ್ಲಿ ನಾನೂ ಒಬ್ಬ. ಆದರೆ ಯೋಚಿಸಿ: ಯಾರ್ಡಿನ ಗೇಟು, ತಕ್ಕಡಿ, ಟೆಂಡರ್ ಪೆಟ್ಟಿಗೆ ಮೂರೂ ಒಬ್ಬನೇ ದಲ್ಲಾಳಿಯ ಕೈಲಿದ್ದು, ಅವನು ತನ್ನದೇ ತೋಟದ ಕೊಬ್ಬರಿಯನ್ನೂ ಅಲ್ಲೇ ರಾಶಿ ಹಾಕಿದರೆ ರೈತ ಅದನ್ನು ಮಾರುಕಟ್ಟೆ ಅಂತ ಕರೆಯುತ್ತಾನಾ? ಆ್ಯಪ್‌ನಲ್ಲಿ ನಿಯಮ ಬರೆಯುವವರೂ ಅವರೇ, ದಂಡ ಹಾಕುವವರೂ ಅವರೇ, ಮೇಲ್ಮನವಿ ಕೇಳುವವರೂ ಅವರೇ. ನಿಮ್ಮ ಉಪ್ಪಿನಕಾಯಿಯನ್ನು ಒಂದು ಸರಕಾರ ಆಗಲೇ ಆಳುತ್ತಿದೆ. ಅದಕ್ಕೆ ನೀವು ವೋಟು ಹಾಕಿಲ್ಲ, ಅಷ್ಟೇ ವ್ಯತ್ಯಾಸ.

ಗ್ರಾಹಕರೇ ಬುದ್ಧಿ ಕಲಿಸುತ್ತಾರೆ ಅನ್ನುವ ಮಾತು ಸುಮ್ನೆ. ಸಾಲ ತೀರಿಸುತ್ತಿದ್ದ ಕಾಲದಲ್ಲಿ ನಾನೇ ಅದೇ ಆ್ಯಪ್‌ನಲ್ಲಿ ಮಿಕ್ಸಿ ತರಿಸಿದ್ದೇನೆ, ಅಂಗಡಿಗಿಂತ ಅಗ್ಗ ಅಂತ.

ಹಾಗಾದರೆ ಸರಕಾರ ಏನು ಮಾಡಬೇಕು? ಮೊದಲೇ ಗೆರೆ ಎಳೆಯಬೇಕು. ತಪ್ಪಾದ ಮೇಲೆ ತನಿಖೆ ಮಾಡುವ ದಾರಿಯಲ್ಲಿ ಸಣ್ಣವನು ಬದುಕಿ ಉಳಿಯುವುದಿಲ್ಲ. ಯುರೋಪಿನವರು ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ತಂದು, 2024ರ ಮಾರ್ಚ್‌ನಿಂದ ದೊಡ್ಡ ಕಂಪನಿಗಳು ಇಂಥಿಂಥದ್ದನ್ನು ಮಾಡುವಂತಿಲ್ಲ ಅಂತ ಮುಂಚೆಯೇ ಹೇಳಿದ್ದಾರೆ. ತನ್ನ ಮಾಲನ್ನು ತಾನೇ ಮೇಲೆ ತೋರಿಸುವುದು ಆ ಪಟ್ಟಿಯಲ್ಲಿದೆ. ನಮ್ಮಲ್ಲೂ ಅದೇ ತಿಂಗಳು ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಹೊರಬಂತು. ಕರಡಾಗಿಯೇ ಉಳಿಯಿತು. ಇರುವ ಕಾಯ್ದೆಯಲ್ಲೇ 33ನೇ ಕಲಂ ಇದೆ, ತನಿಖೆ ನಡೆಯುವಾಗಲೇ ಮಧ್ಯಂತರ ಆದೇಶ ಕೊಡುವ ಅಧಿಕಾರ ಆಯೋಗಕ್ಕೆ ಕೊಡುತ್ತದೆ. ಅದನ್ನು ಧೈರ್ಯವಾಗಿ ಬಳಸಿದ್ದರೂ ನನ್ನಂಥ ಎಷ್ಟೋ ಜನ ಉಳಿಯುತ್ತಿದ್ದರು.

ಬರೀ ದಂಡದಿಂದ ನನಗೆ ಖುಷಿಯಿಲ್ಲ. 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ ಆಂಡ್ರಾಯ್ಡ್ ವಿಷಯದಲ್ಲಿ 1,337 ಕೋಟಿ, ಪ್ಲೇ ಸ್ಟೋರ್ ವಿಷಯದಲ್ಲಿ 936 ಕೋಟಿ ದಂಡ ಬಿತ್ತು. ಎರಡನೆಯದನ್ನು 2025ರಲ್ಲಿ ನ್ಯಾಯಮಂಡಳಿ ಸುಮಾರು 216 ಕೋಟಿಗೆ ಇಳಿಸಿತು. ಇಳಿಯಲಿ, ಏರಲಿ, ಆ ದುಡ್ಡು ಹೋಗುವುದು ಭಾರತದ ಸಂಚಿತ ನಿಧಿಗೆ, ಅಂದರೆ ಸರಕಾರದ ಖಜಾನೆಗೆ. ಆ್ಯಪ್ ಮಾಡಿ ಪ್ಲೇ ಸ್ಟೋರಿಗೆ ಕಮಿಷನ್ ಕಟ್ಟಿ ಸುಸ್ತಾದ ಹುಡುಗರ ಖಾತೆಗೆ ಒಂದು ಪೈಸೆಯೂ ಬರುವುದಿಲ್ಲ.

ಸಚಿವರು ಫೋನ್ ಎತ್ತಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ನಿಜ, 2024ರ ಮಾರ್ಚ್‌ನಲ್ಲಿ ಗೂಗಲ್ ನೌಕ್ರಿ, 99ಏಕರ್ಸ್, ಭಾರತ್ ಮ್ಯಾಟ್ರಿಮೊನಿ ಮುಂತಾದ ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ತೆಗೆದಾಗ ಆಗ ಕೇಂದ್ರ ಐಟಿ ಸಚಿವರಾಗಿದ್ದ ಅಶ್ವಿನಿ ವೈಷ್ಣವ್ ಮಧ್ಯೆ ಬಂದರು, ಕೆಲವೇ ದಿನಗಳಲ್ಲಿ ಆ್ಯಪ್‌ಗಳು ವಾಪಸ್ ಬಂದವು. ಒಳ್ಳೆಯದೇ ಆಯಿತು. ನಿಮ್ಮ ಉಪ್ಪಿನಕಾಯಿಗೆ ಯಾವ ಸಚಿವರು ಫೋನ್ ಮಾಡುತ್ತಾರೆ?

ದೇಶೀ ಕಂಪನಿಯಾದರೆ ಪರವಾಗಿಲ್ಲ ಅನ್ನುವ ವಾದವಂತೂ ಬೇಡವೇ ಬೇಡ. 2019ರ ಫೆಬ್ರುವರಿಯಿಂದ ಒಂದು ನಿಯಮ ಬಂತು: ಮಾರಾಟ ವೇದಿಕೆ ನಡೆಸುವ ಕಂಪನಿ ತನಗೆ ಪಾಲಿರುವ ಮಾರಾಟಗಾರನ ಮಾಲನ್ನು ತನ್ನಲ್ಲೇ ಮಾರಿಸುವಂತಿಲ್ಲ. ನಿಯಮ ಚೆನ್ನಾಗಿದೆ, ಆದರೆ ಅದು ವಿದೇಶಿ ಹೂಡಿಕೆ ಇರುವವರಿಗೆ ಮಾತ್ರ. ಅವರೂ ದಾರಿ ಹುಡುಕಿಕೊಂಡರು. ಅಮೆಜಾನ್‌ನ ದೊಡ್ಡ ಮಾರಾಟಗಾರ ಕ್ಲೌಡ್‌ಟೇಲ್, ನಾರಾಯಣ ಮೂರ್ತಿ ಅವರ ಕ್ಯಾಟಮರಾನ್ ಜತೆಗಿನ ಪಾಲುದಾರಿಕೆ ಅದು. ಅಮೆಜಾನ್ ಅದರ ಮಾತೃಸಂಸ್ಥೆಯಲ್ಲಿ ತನ್ನ ಪಾಲನ್ನು ನಿಯಮದ ಹಿಡಿತಕ್ಕೆ ಸಿಗದ ಹಾಗೆ 24 ಪರ್ಸೆಂಟಿಗೆ ಇಳಿಸಿಕೊಂಡಿತು, ಕ್ಲೌಡ್‌ಟೇಲ್ 2022ರ ಮೇವರೆಗೆ ಮಾರುತ್ತಲೇ ಇತ್ತು. ತೋಟದ ಮಾಲೀಕ ಎಲ್ಲಿಯವನು ಅಂತ ನೋಡಿ ಗೆರೆ ಎಳೆದರೆ ಹೀಗೇ ಆಗುವುದು.

ನನಗೆ ಸರಕಾರದ ಕೈ ಕೆಲಸ ಮಾಡಿದ್ದು ಕಂಡಿದ್ದು ಬೆಂಗಳೂರಿನ ಆಟೋಗಳಲ್ಲಿ. 2022ರ ನವೆಂಬರ್‌ನಲ್ಲಿ ರಾಜ್ಯ ಸರಕಾರ ಆಟೋ ಆ್ಯಪ್‌ಗಳ ಸೇವಾ ಶುಲ್ಕವನ್ನು 5 ಪರ್ಸೆಂಟಿಗೆ ಕಟ್ಟಿಹಾಕಿತು. ಅದೇ ತಿಂಗಳು ಚಾಲಕರ ಯೂನಿಯನ್ ಜತೆ ನಮ್ಮ ಯಾತ್ರಿ ಅನ್ನುವ ಆಟೋ ಆ್ಯಪ್ ಶುರುವಾಯಿತು, ಒಂದೇ ಕಂಪನಿಯ ಹಿಡಿತದಲ್ಲಿಲ್ಲದ ಮುಕ್ತ ಜಾಲದ ಮೇಲೆ, ಕಮಿಷನ್ ಇಲ್ಲದೆ. ಆಮೇಲೆ ಚಾಲಕರಿಗೆ ದಿನಕ್ಕೆ 25 ರೂಪಾಯಿ ಶುಲ್ಕ ಮಾಡಿದರು. ಕೊನೆಗೆ ಊಬರ್ ಕೂಡ 2025ರಲ್ಲಿ ಆಟೋಗಳಿಗೆ ಕಮಿಷನ್ ಬಿಟ್ಟು ಚಂದಾ ಪದ್ಧತಿಗೆ ಬಂತು. ಒಂದು ಕಡೆ ಮಿತಿ, ಇನ್ನೊಂದು ಕಡೆ ಹೋಗಲು ಬೇರೆ ದಾರಿ. ಬೇರೆ ದಾರಿ ಮಾತ್ರ ಮಾಡಿಕೊಟ್ಟು ಕೈಬಿಟ್ಟರೂ ಸಾಲದು. ಯುಪಿಐ ನೋಡಿ, ರಸ್ತೆ ಎಲ್ಲರದ್ದು, ಆದರೆ ಫೋನ್‌ಪೇ, ಗೂಗಲ್ ಪೇ ಎರಡೇ ಸುಮಾರು 80 ಪರ್ಸೆಂಟ್ ಹಿಡಿದಿವೆ. ಒಬ್ಬರಿಗೆ 30 ಪರ್ಸೆಂಟಿನ ಮಿತಿ ಅಂತ 2020ರಲ್ಲೇ ಹೇಳಿದರು. ಗಡುವು ಮುಂದೂಡಿ ಮುಂದೂಡಿ 2026ರ ಕೊನೆಗೆ ತಂದು ನಿಲ್ಲಿಸಿದ್ದಾರೆ.

ಹಾಗಾಗಿ, ಸರಕಾರ ಬರಲಿ ಅಂತ ನೀವೂ ಕೂಗಿ, ನಾನೂ ಕೂಗುತ್ತೇನೆ. ವ್ಯಾಪಾರಿ ಸಂಘದ ಜತೆ ಸೇರಿ ದೂರು ಕೊಡಿ, ಒಬ್ಬರೇ ಹೋಗಬೇಡಿ. ಆದರೆ ಮುಂದಿನ ಮಾವಿನ ಹಂಗಾಮಿಗೆ ಎಷ್ಟು ಜಾಡಿ ಹಾಕಬೇಕು ಅನ್ನುವುದನ್ನು ಈಗ ಕಾಣುತ್ತಿರುವ ಮಾರಾಟದ ಮೇಲೆ ಲೆಕ್ಕ ಹಾಕಿ, ಯಾವ ಕೇಸಿನ ಮೇಲೂ ಅಲ್ಲ. ಪಾರ್ಸೆಲ್ ಮೂಲಕ ಗ್ರಾಹಕರನ್ನು ಹೊರಗೆ ಕರೆಯಲು ಹೋಗಬೇಡಿ, ಅನೇಕ ಆ್ಯಪ್‌ಗಳು ಅದಕ್ಕೇ ಖಾತೆ ಮುಚ್ಚುತ್ತವೆ. ಬೇರೆಯಾಗಿಯೇ ಅಂಗಡಿ, ಸಂತೆ, ಪರಿಚಯದವರು ಅಂತ ಒಂದು ದಾರಿ ಇಟ್ಟುಕೊಳ್ಳಿ.

ಇನ್ನೊಂದು. ಇವತ್ತಿನಿಂದಲೇ ದಾಖಲೆ ಕೂಡಿಡಿ. ಹುಡುಕಿದಾಗ ನಿಮ್ಮ ಪುಟ ಎಷ್ಟನೆಯದಾಗಿ ಕಾಣುತ್ತದೆ, ಮೇಲೆ ಯಾರಿದ್ದಾರೆ, ಬೆಲೆ ಎಷ್ಟು, ಜಾಹೀರಾತಿಗೆ ಎಷ್ಟು ಹೋಯಿತು, ಎಲ್ಲದರ ಸ್ಕ್ರೀನ್‌ಶಾಟ್, ದಿನಾಂಕ ಕಾಣುವ ಹಾಗೆ. ಸ್ಪರ್ಧಾ ಕಾಯ್ದೆಯಲ್ಲಿ 53ಎನ್ ಅಂತ ಒಂದು ಕಲಂ ಇದೆ. ತಪ್ಪು ಸಾಬೀತಾದ ಮೇಲೆ ನಷ್ಟ ಆದವರು ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ವಕೀಲ ಗೆಳೆಯ ಅದನ್ನು ತೋರಿಸಿ, ನಷ್ಟದ ಲೆಕ್ಕ ಕೊಡು ಅಂದಾಗ ನನ್ನ ಹತ್ತಿರ ಇದ್ದದ್ದು ಗೋದಾಮಿನ ಬಾಡಿಗೆ ರಸೀದಿ ಮಾತ್ರ. ಫೋನು ಬದಲಾಯಿಸಿದಾಗ ಹಳೇ ಫೋಟೊಗಳೆಲ್ಲ ಹೋಗಿದ್ದವು. ನೀವು ಇಮೇಲಿಗೂ ಒಂದು ಪ್ರತಿ ಕಳಿಸಿಕೊಳ್ಳಿ.