ಹಲ್ಲು ಕೊರೆದಾಗ ಒಳಗಿನ ತಿರುಳಿಗೆ ಏನಾಗುತ್ತದೆ?

ಪ್ರಶ್ನೆ: ಹದಿನೈದು ದಿನಗಳ ಹಿಂದೆ ರಾಯಚೂರಿನಲ್ಲಿ ಹುಳುಕು ಹಿಡಿದ ದವಡೆ ಹಲ್ಲನ್ನು ಕೊರೆಸಿ ಫಿಲ್ಲಿಂಗ್ ಮಾಡಿಸಿಕೊಂಡೆ. ಈಗ ಗಡಿಗೆಯ ನೀರು ಕುಡಿದರೂ ಆ ಹಲ್ಲು ಒಂದು ಕ್ಷಣ ಜುಮ್ಮೆನ್ನುತ್ತದೆ. ಕೊರೆಯುವಾಗ ಒಳಗಿನ ನರಕ್ಕೆ ಪೆಟ್ಟಾಗಿರಬಹುದೇ? ಅದು ತಾನಾಗಿ ವಾಸಿಯಾಗುವುದೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ತಾವು ನರವೆಂದು ಕರೆದಿರುವುದು ಬರಿಯ ನರವಲ್ಲ, ರಕ್ತನಾಳ, ನರತಂತು ಹಾಗೂ ಹಲವು ಬಗೆಯ ಜೀವಕೋಶಗಳು ಕೂಡಿರುವ ಮೃದುವಾದ ತಿರುಳು. ಅದರ ಅಂಚಿನಲ್ಲಿ ಒಡಾಂಟೊಬ್ಲಾಸ್ಟ್ ಎಂಬ ಕೋಶಗಳು ಸಾಲುಗಟ್ಟಿರುತ್ತವೆ. ಹಲ್ಲಿನ ಗಟ್ಟಿ ಹೊರಕವಚವಾದ ಎನಾಮಲ್ಲಿನ ಕೆಳಗಿನ ಡೆಂಟಿನ್ ಪದರವನ್ನು ಕಟ್ಟಿದವು ಇವೇ. ಇವುಗಳ ಎಳೆಗಳು ಡೆಂಟಿನ್ನಿನ ಸೂಕ್ಷ್ಮ ನಳಿಕೆಗಳೊಳಗೆ ಚಾಚಿಕೊಂಡಿರುತ್ತವೆ. ತಿರುಳಿನ ಸಮೀಪದಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 45,000 ನಳಿಕೆಗಳಿರುವುದರಿಂದ, ಆಳವಾಗಿ ಕೊರೆದಷ್ಟೂ ಹೆಚ್ಚು ಕೋಶಗಳಿಗೆ ಗಾಯವಾಗುತ್ತದೆ.

ಆಳಕ್ಕಿಂತ ಕಡಿಮೆಯಲ್ಲದ ಶತ್ರು ಶಾಖ. 1965ರಲ್ಲಿ ಜ್ಯಾಕ್ ಮತ್ತು ಕೋಹೆನ್ ಎಂಬ ಸಂಶೋಧಕರು ಮಂಗಗಳ ಹಲ್ಲುಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ತಿರುಳಿನ ಉಷ್ಣತೆ 5.5 ಡಿಗ್ರಿ ಸೆಲ್ಸಿಯಸ್ ಏರಿದಾಗ ಸುಮಾರು ಶೇ. 15ರಷ್ಟು ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. ಕೊರೆಯುವಾಗ ನೀರು ಚಿಮ್ಮಿಸುವುದು ಇದಕ್ಕಾಗಿಯೇ. ಬಾಯಿ ತುಂಬುತ್ತದೆಂದು ಅದನ್ನು ನಿಲ್ಲಿಸಲು ಕೇಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಪೆಟ್ಟು ಹಗುರವಾಗಿದ್ದರೆ ಬದುಕುಳಿದ ಒಡಾಂಟೊಬ್ಲಾಸ್ಟ್‌ಗಳೇ ಮತ್ತೆ ಚುರುಕಾಗಿ, ಒಳಗೋಡೆಗೆ ಹೊಸ ಡೆಂಟಿನ್ ಸೇರಿಸುತ್ತವೆ. ಪೆಟ್ಟು ಬಲವಾಗಿ ಆ ಕೋಶಗಳು ಸತ್ತರೂ ಕೆಲಸ ನಿಲ್ಲುವುದಿಲ್ಲ. ಡೆಂಟಿನ್ನಿನಲ್ಲಿ ಮೊದಲೇ ಹುದುಗಿರುವ ಟಿಜಿಎಫ್-ಬೀಟಾ ಮುಂತಾದ ಪ್ರೋಟೀನುಗಳು ಬಿಡುಗಡೆಯಾಗಿ ತಿರುಳಿನ ಆಳದಲ್ಲಿರುವ ಕಾಂಡಕೋಶಗಳನ್ನು ಗಾಯದ ಕಡೆಗೆ ಸೆಳೆಯುತ್ತವೆ, ಅವು ಒಡಾಂಟೊಬ್ಲಾಸ್ಟ್‌ಗಳಂಥ ಕೋಶಗಳಾಗಿ ಮಾರ್ಪಟ್ಟು ವಾರಗಳ ಅವಧಿಯಲ್ಲಿ ದುರಸ್ತಿಯ ಪದರವನ್ನು ಕಟ್ಟುತ್ತವೆ. ಅದು ಮೂಲದಷ್ಟು ಅಚ್ಚುಕಟ್ಟಾಗಿರದಿದ್ದರೂ ನಳಿಕೆಗಳು ವಿರಳವಾಗಿರುವುದರಿಂದ ತಿರುಳಿಗೆ ಒಳ್ಳೆಯ ಮರೆಯಾಗುತ್ತದೆ. ಎಳೆತನದಲ್ಲಿ ಆರಂಭವಾದ ಕಟ್ಟಡವನ್ನು ಹಲ್ಲು ಪ್ರೌಢ ವಯಸ್ಸಿನಲ್ಲೂ ಮುಂದುವರಿಸಬಲ್ಲದೆಂಬುದು ನನಗೆ ಇಂದಿಗೂ ವಿಸ್ಮಯದ ಸಂಗತಿ.

ತಣ್ಣೀರು ತಗಲಿದಾಗ ನಳಿಕೆಗಳೊಳಗಿನ ದ್ರವ ಸರಿದಾಡಿ ನರತುದಿಗಳನ್ನು ಕೆಣಕುವುದರಿಂದ ತಮಗೆ ಜುಮ್ಮೆನ್ನುತ್ತದೆ. ಕ್ಷಣದಲ್ಲಿ ಮಾಯವಾಗುವ ಇಂಥ ನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ಆದರೆ ನೀರು ಕುಡಿದ ಮೇಲೂ ನೋವು ನಿಮಿಷಗಟ್ಟಲೆ ಉಳಿದರೆ, ಬಿಸಿ ಚಹಾ ಅದನ್ನು ಕೆರಳಿಸಿದರೆ ಅಥವಾ ರಾತ್ರಿ ತಾನಾಗಿ ಮಿಡಿದು ನಿದ್ದೆಗೆಡಿಸಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಗಟ್ಟಿ ಗೋಡೆಗಳ ನಡುವೆ ಊದಿಕೊಂಡ ತಿರುಳಿಗೆ ಹಿಗ್ಗಲು ಜಾಗವಿಲ್ಲ. ಆಗ ತಿರುಳನ್ನು ತೆಗೆದು ಒಳಭಾಗವನ್ನು ತುಂಬುವ ರೂಟ್ ಕೆನಾಲ್ ಚಿಕಿತ್ಸೆ ಅಗತ್ಯವಾಗಬಹುದು. ಖಡಕ್ ರೊಟ್ಟಿ ಅಗಿಯುವಾಗ ಮಾತ್ರ ನೋವಾದರೆ ಫಿಲ್ಲಿಂಗ್ ತುಸು ಎತ್ತರವಾಗಿರಬಹುದು, ಅದನ್ನು ಉಜ್ಜಿ ಸರಿಪಡಿಸಲು ಕೆಲವೇ ನಿಮಿಷ ಸಾಕು.