ಆಹಾರ ಪ್ರಶ್ನೋತ್ತರ: ಅರವತ್ತರ ಓಟ, ಅರವತ್ತರ ಊಟ

ಪ್ರಶ್ನೆ: ಮೇಡಂ, ನನಗೆ 64 ವರ್ಷ, ತೂಕ 60 ಕಿಲೋ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಓಟ ಹಿಡಿದೆ. ಮಂಗಳವಾರ ರಾಷ್ಟ್ರೀಯ ಉದ್ಯಾನದಲ್ಲಿ ಕಾನ್ಹೇರಿ ಗುಹೆಗಳ ಏರು, ಗುರುವಾರ ವೇಗದ ಓಟ, ಭಾನುವಾರ ದೂರದ ಓಟ. ಜನವರಿಯ ಮುಂಬೈ ಮ್ಯಾರಥಾನಿನಲ್ಲಿ 21 ಕಿಲೋಮೀಟರ್ ಓಡುವ ಆಸೆ. ಆದರೆ ಮಂಗಳವಾರ ದಣಿದ ಕಾಲು ಗುರುವಾರವೂ ಎತ್ತಿಡಲಾಗದಷ್ಟು ಭಾರ. ಓಡಿ ಬಂದೊಡನೆ ಚಹಾ, ಎರಡು ಖಾರಿ ಬಿಸ್ಕತ್ತು. ಸ್ನಾನ, ಪೂಜೆ ಮುಗಿಸಿ ಹತ್ತು ಗಂಟೆಗೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಮಗ ಪ್ರೋಟೀನ್ ಪುಡಿಯ ಡಬ್ಬಿ ತಂದಿಟ್ಟಿದ್ದಾನೆ. ಮೂತ್ರಪಿಂಡ ಕೆಡುತ್ತದೆ ಎಂದು ಹೆಂಡತಿ ಅದನ್ನು ಮುಟ್ಟಲು ಬಿಡುವುದಿಲ್ಲ. ನಾವು ಸಸ್ಯಾಹಾರಿಗಳು. ಮ್ಯಾರಥಾನ್ ಓಡಿದ ಅಜ್ಜ ಫೌಜಾ ಸಿಂಗ್ ಕೂಡ ಸಸ್ಯಾಹಾರಿಯೇ ಆಗಿದ್ದರಲ್ಲವೇ? ಅವರು ಯಾವ ಪುಡಿ ತಿಂದಿದ್ದರು?
— ಓದುಗರು, ಬೋರಿವಲಿ

ಉತ್ತರ: ರಾಯರೇ, ಮೊದಲು ಗಂಜಿಯ ಪರವಾಗಿ ಎರಡು ಮಾತು. ಅದರಲ್ಲಿ ನೀರಿದೆ, ಅನ್ನವಿದೆ; ಮಿಡಿಯಲ್ಲಿ ಬೇಕಾದಷ್ಟು ಉಪ್ಪಿದೆ. ಬಣ್ಣದ ಬಾಟಲಿಗಳಲ್ಲಿ ತುಂಬಿ ಓಟಗಾರರಿಗೆ ಮಾರುವುದೂ ಹೆಚ್ಚುಕಡಿಮೆ ನೀರು, ಸಕ್ಕರೆ, ಉಪ್ಪನ್ನೇ. ಗಂಜಿ ಬಿಡಬೇಡಿ. ಅದರಲ್ಲಿ ಸಾಲದ್ದು ಪ್ರೋಟೀನ್: 60 ಗ್ರಾಂ ಅಕ್ಕಿಯ ಗಂಜಿಯಲ್ಲಿ ಸಿಗುವುದು ನಾಲ್ಕೈದು ಗ್ರಾಂ ಮಾತ್ರ.

ವಯಸ್ಸಾದಂತೆ ಸ್ನಾಯುವಿಗೂ ಕಿವಿ ಮಂದವಾಗುತ್ತದೆ. ಸವೆದ ಎಳೆಗಳನ್ನು ಕಟ್ಟಿಕೊಳ್ಳುವ ಕೆಲಸಕ್ಕೆ ಪೂರ್ತಿಯಾಗಿ ಇಳಿಯಲು ಇಪ್ಪತ್ತೈದರ ಹುಡುಗನಿಗೆ ಒಂದು ಹೊತ್ತಿಗೆ ದೇಹತೂಕದ ಕಿಲೋಗೆ ಸುಮಾರು 0.25 ಗ್ರಾಂ ಪ್ರೋಟೀನ್ ಸಾಕು. ಅರವತ್ತು ದಾಟಿದವರಿಗೆ ಸುಮಾರು 0.4 ಗ್ರಾಂ ಬೇಕು. ನಿಮ್ಮ ತೂಕಕ್ಕೆ ಅದು 24 ಗ್ರಾಂ. ವಾರಕ್ಕೆ ಮೂರು ದಿನ ಓಡುವವರಾದ್ದರಿಂದ ಮನೆಯಲ್ಲಿ ಕೂತಿರುವ ನಿಮ್ಮ ಓರಗೆಯವರಿಗಿಂತ ನಿಮ್ಮ ಸ್ನಾಯು ಚುರುಕಾಗಿರುತ್ತದೆ, ನಿಜ. ಆದರೂ ಖಾರಿ ಬಿಸ್ಕತ್ತಿನ ಮಾತು ಅದಕ್ಕೆ ಕೇಳಿಸುವುದಿಲ್ಲ.

ಆ 24 ಗ್ರಾಂ ಹೊಂದಿಸುವುದು ಹೀಗೆ. ಬಂದೊಡನೆ ಚಹಾದ ಬದಲು ದೊಡ್ಡ ಲೋಟ ಹಾಲು. 250 ಮಿಲಿಲೀಟರಿನಲ್ಲಿ 8 ಗ್ರಾಂ ಬಂತು. ಸ್ನಾನ ಮಾಡಿ, ಪೂಜೆಗೆ ಮೊದಲೇ ಗಂಜಿಗೆ ಕುಳಿತುಕೊಳ್ಳಿ. ಖಾಲಿ ಹೊಟ್ಟೆಯಲ್ಲೇ ಪೂಜೆಯಾಗಬೇಕೆಂದಿದ್ದರೆ ಮಂಗಳವಾರದ ಪೂಜೆಯನ್ನು ಓಟಕ್ಕೆ ಮುಂಚೆ ಮುಗಿಸಿ. ಗಂಜಿಯ ಪಕ್ಕದಲ್ಲಿ ಮೊಳಕೆ ಕಟ್ಟಿದ ಹೆಸರುಕಾಳಿನ ಉಸಲಿ (ಒಣಕಾಳು 40 ಗ್ರಾಂ ಎಂದರೆ ಸುಮಾರು 9 ಗ್ರಾಂ ಪ್ರೋಟೀನ್), ಒಂದು ದೊಡ್ಡ ಬಟ್ಟಲು ಮೊಸರು. ಲೆಕ್ಕ 24 ದಾಟುತ್ತದೆ, ದಾಟಲಿ. ದುರಸ್ತಿ ಶುರು ಮಾಡಿಸುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹಾಲು, ಮೊಸರು, ಪನೀರಿನ ಪ್ರೋಟೀನಿನಲ್ಲಿ ಹೆಚ್ಚು, ಕಾಳುಗಳದ್ದರಲ್ಲಿ ಸ್ವಲ್ಪ ಕಡಿಮೆ. ಹಾಗಾಗಿ ಸಸ್ಯಾಹಾರಿಗಳು ಒಂದಿಷ್ಟು ಮೇಲೆಯೇ ಇರಬೇಕು.

ಒಂದೇ ಹೊತ್ತಿಗೆ ಎಲ್ಲವನ್ನೂ ಸುರಿದುಕೊಂಡರೆ ಪ್ರಯೋಜನವಿಲ್ಲ. ದಿನಕ್ಕೆ ಕಿಲೋಗೆ 1.2ರಿಂದ 1.6 ಗ್ರಾಂ, ಅಂದರೆ ನಿಮಗೆ 72ರಿಂದ 96 ಗ್ರಾಂ, ಮೂರು ನಾಲ್ಕು ಹೊತ್ತಿಗೆ ಹಂಚಿಹೋಗಬೇಕು. ನಮ್ಮ ಮನೆಗಳಲ್ಲಿ ಸೋಲುವುದು ರಾತ್ರಿಯೂಟ. ಎರಡು ಚಪಾತಿ, ಆಲೂಗಡ್ಡೆ ಪಲ್ಯ, ‘ಈ ವಯಸ್ಸಿನಲ್ಲಿ ಹಗುರವಾಗಿರಲಿ’ ಎಂಬ ಉಪದೇಶ! ಸ್ನಾಯು ಕಟ್ಟುವ ಕೆಲಸ ನಿದ್ದೆಯಲ್ಲಿಯೂ ನಡೆಯುತ್ತದೆ. 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 25 ಗ್ರಾಂ ಇದೆ. ಮಲಗುವ ಮುನ್ನ ಒಂದು ಲೋಟ ಹಾಲು.

ನನ್ನ ಅಪ್ಪ ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂತಿದ್ದವರು. ಇಡ್ಲಿಯನ್ನು ಬೈದರೆ ನನಗೆ ಊಟ ಸೇರುವುದಿಲ್ಲ. ಆದರೂ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿನ ಹೋಟೆಲುಗಳಲ್ಲಿ ಓಟದ ಬನಿಯನ್ನು ತೊಟ್ಟ ನರೆಗೂದಲಿನವರ ಹಿಂಡೇ ಇರುತ್ತದೆ. ಎರಡು ಇಡ್ಲಿ, ಚಟ್ನಿ ಬಳಿದು, ಸಾಂಬಾರನ್ನು ಅರ್ಧ ಬಿಟ್ಟು, ಫಿಲ್ಟರ್ ಕಾಫಿಗೆ ಕೈ ಎತ್ತುತ್ತಾರೆ. ಒಂದು ಇಡ್ಲಿಗೆ 2 ಗ್ರಾಂ ಪ್ರೋಟೀನ್ ಇದ್ದರೆ ಹೆಚ್ಚು. ಬಿಟ್ಟ ಸಾಂಬಾರಿನ ತಳದಲ್ಲಿಯೇ ಬೇಳೆ ಇರುವುದು! ಎರಡನೆಯ ಬಟ್ಟಲು ಕೇಳಿ, ತಳ ಕಲಕಿ ಬಡಿಸಲು ಹೇಳಿ. ಕಾಫಿ, ಚಹಾ ಒಂದು ಗಂಟೆ ಕಾಯಲಿ. ಊಟದ ಜೊತೆಗೇ ಕುಡಿದರೆ ಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ಪುಡಿಯ ವಿಷಯ. ವೇ ಪ್ರೋಟೀನ್ ಎಂದರೆ ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದದ್ದು. ಅದು ವಿಷವೂ ಅಲ್ಲ, ಅಮೃತವೂ ಅಲ್ಲ. ಆರೋಗ್ಯವಂತ ಮೂತ್ರಪಿಂಡ ಇಷ್ಟು ಪ್ರೋಟೀನಿಗೆ ಹೆದರುವುದಿಲ್ಲ. ಆದರೆ ನಿಮ್ಮ ಮನೆಯವರ ಅನುಮಾನವನ್ನು ತಳ್ಳಿಹಾಕಬೇಡಿ: ಒಮ್ಮೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ವರದಿಯನ್ನು ಅವರ ಕೈಗೇ ಕೊಡಿ. ಮೂತ್ರಪಿಂಡದ ಕಾಯಿಲೆ ಮೊದಲೇ ಇದ್ದರೆ ನಾನು ಕೊಟ್ಟ ಅಂಕಿಗಳೆಲ್ಲ ರದ್ದು, ವೈದ್ಯರು ಹೇಳಿದಷ್ಟೇ. ಉಸಲಿ ಬೇಯಿಸಲು ಪುರಸೊತ್ತಿಲ್ಲದ ದಿನ ಒಂದು ಚಮಚೆ ಪುಡಿ ಹಾಲಿಗೆ ಹಾಕಿಕೊಳ್ಳಿ, ಅಷ್ಟೇ.

ಫೌಜಾ ಸಿಂಗ್ ಸಸ್ಯಾಹಾರಿಯೇ ಆಗಿದ್ದರು. ಪಾಸ್‌ಪೋರ್ಟಿನ ಪ್ರಕಾರ ನೂರು ತುಂಬಿದ್ದಾಗ, 2011ರಲ್ಲಿ, ಟೊರಾಂಟೊದಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸಿದರು. ಅವರ ಊಟದಲ್ಲಿ ರೊಟ್ಟಿಯ ಜೊತೆ ದಾಲ್, ಮೊಸರು, ಹಾಲು ಇದ್ದವು ಎಂಬುದನ್ನು ನೆನಪಿಡಿ.

ಮೂರ್ನಾಲ್ಕು ವಾರ ಹೀಗೆ ಉಂಡೂ ಕಾಲು ಹಗುರವಾಗದಿದ್ದರೆ ತಟ್ಟೆಯನ್ನು ದೂರಬೇಡಿ. ಗುರುವಾರದ ಓಟವನ್ನು ನಿಧಾನ ಮಾಡಿ. ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್ ನೋಡಿಸಿ. ಓಡುವಾಗ ಎದೆ ಬಿಗಿದರೆ, ಏದುಸಿರು ಹೊಸದಾಗಿ ಶುರುವಾಗಿದ್ದರೆ ಓಟ ನಿಲ್ಲಿಸಿ ನೇರ ವೈದ್ಯರ ಬಳಿಗೆ.

ಪ್ರಶ್ನೆ: ವಯಸ್ಸು 61, ತೂಕ 68 ಕಿಲೋ. ಶನಿವಾರ ಸೈಕಲ್ಲಿನಲ್ಲಿ ಸಿಂಹಗಡ ಹತ್ತುತ್ತೇನೆ, ಭಾನುವಾರ ದೂರದ ಸವಾರಿ. ಮೊಬೈಲಿನಲ್ಲಿ ಯಾರೋ ಹೇಳಿದ್ದು ಕೇಳಿ ಅನ್ನ, ರೊಟ್ಟಿ ಬಿಟ್ಟಿದ್ದೇನೆ. ಭಾನುವಾರ ಅರ್ಧ ದಾರಿಗೇ ಕಾಲಿನಲ್ಲಿ ಕಸುವಿರುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲ.
— ಓದುಗರು, ಪುಣೆ

ಉತ್ತರ: ಸಿಂಹಗಡದ ಮೇಲೆ ನಿಂತು ಪಿಠಲೆ-ಭಾಕರಿ (ಕಡಲೆಹಿಟ್ಟಿನ ಗೊಜ್ಜು, ಜೋಳದ ರೊಟ್ಟಿ) ಬಿಟ್ಟು ಬರುತ್ತೀರಲ್ಲ, ನಿಮ್ಮ ವೈರಾಗ್ಯಕ್ಕೆ ಕೈಮುಗಿಯಬೇಕು! ಏರು ಹತ್ತುವಾಗ ಕಾಲು ಉರಿಸುವುದು ಮುಖ್ಯವಾಗಿ ಗ್ಲೈಕೋಜನ್, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಪಿಷ್ಟ. ಶನಿವಾರ ಅದನ್ನು ಖರ್ಚು ಮಾಡಿ, ತುಂಬದೆಯೇ ಭಾನುವಾರ ಹೊರಟರೆ ಹೀಗಾಗದೆ ಇನ್ನೇನು? ಅದನ್ನು ತುಂಬಿಕೊಳ್ಳುವ ಶಕ್ತಿ ವಯಸ್ಸಾದ ಸ್ನಾಯುವಿಗೂ ಇದೆ. ನೀವು ಕೊಡಬೇಕು, ಅಷ್ಟೇ.

ಎಂಟು ಗಂಟೆಯೊಳಗೆ ಮತ್ತೆ ಸವಾರಿ ಇದ್ದರೆ ಮಾತ್ರ ಗಂಟೆಗಂಟೆಗೂ ಕಿಲೋಗೆ 1 ಗ್ರಾಂ ಪಿಷ್ಟ ತಿನ್ನುವ ಅವಸರ. ನಿಮಗೆ ಮರುದಿನ ಬೆಳಗಿನವರೆಗೆ ಸಮಯವಿದೆ. ಶನಿವಾರವಿಡೀ ಸೇರಿ ಕಿಲೋಗೆ 6 ಗ್ರಾಂ, ಸುಮಾರು 400 ಗ್ರಾಂ ಪಿಷ್ಟ ಸಾಕು. ಗಡದ ಮೇಲೆ ಎರಡು ಜೋಳದ ಭಾಕರಿಯಿಂದಲೇ 70 ಗ್ರಾಂ ಬಂತು. ಪಿಠಲೆಯ ಕಡಲೆಹಿಟ್ಟು, ಮಡಕೆಯ ಮೊಸರಿನಿಂದ ಪ್ರೋಟೀನ್. ಮಧ್ಯಾಹ್ನ ಅನ್ನ-ಸಾರು, ಸಂಜೆ ಬಾಳೆಹಣ್ಣು, ರಾತ್ರಿ ಮತ್ತೆ ರೊಟ್ಟಿ. ಎಣ್ಣೆಯಲ್ಲಿ ಮುಳುಗೆದ್ದ ಕಾಂದಾ ಭಜಿ ಒಂದೆರಡೇ ಇರಲಿ. ಹೊಟ್ಟೆ ಅದರಿಂದಲೇ ತುಂಬಿದರೆ ಭಾಕರಿಗೆ ಜಾಗವಿರುವುದಿಲ್ಲ.

ಪ್ರಶ್ನೆ: 59 ವರ್ಷದ ಗೃಹಿಣಿ. ಓಡಿದ ಮೇಲೆ ಬಾಯಾರಿಕೆಯೇ ಆಗುವುದಿಲ್ಲ, ಒಂದು ಎಳನೀರು ಕುಡಿಯುತ್ತೇನೆ. ಸಾಕೇ? ಮಂಡಿ ನೋವಿಗೆ ಮಾತ್ರೆ ನುಂಗುತ್ತೇನೆ. ರಕ್ತದೊತ್ತಡದ ಮಾತ್ರೆಯೂ ಇದೆ.
— ಓದುಗರು, ಠಾಣೆ

ಉತ್ತರ: ಸಾಲದು ತಾಯಿ. ವಯಸ್ಸಾದಂತೆ ಬಾಯಾರಿಕೆ ನಂಬಿಕೆಗೆ ಅರ್ಹವಲ್ಲ, ತಕ್ಕಡಿಯನ್ನು ನಂಬಿ. ಓಡುವ ಮೊದಲು, ಓಡಿ ಬೆವರೊರೆಸಿದ ಮೇಲೆ ತೂಗಿ ನೋಡಿ. ನಮ್ಮ ಅಕ್ಟೋಬರಿನ ಸೆಕೆಯಲ್ಲಿ ಒಂದು ಕಿಲೋ ಇಳಿಯುವುದು ದೊಡ್ಡದಲ್ಲ. ಪ್ರತಿ ಕಿಲೋಗೆ 1.25ರಿಂದ 1.5 ಲೀಟರ್, ಮೂರ್ನಾಲ್ಕು ಗಂಟೆಗಳಲ್ಲಿ, ಗುಟುಕು ಗುಟುಕಾಗಿ. ಬರೀ ನೀರನ್ನು ಒಮ್ಮೆಗೇ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಆದರೆ ಬೆವರಿನಲ್ಲಿ ಹೋಗುವ ಸೋಡಿಯಂ ಅದರಲ್ಲಿ ಕಡಿಮೆ. ಉಪ್ಪು ಹಾಕಿದ ಮಜ್ಜಿಗೆ ಮೇಲು. ಕೆಲವು ರಕ್ತದೊತ್ತಡದ ಮಾತ್ರೆಗಳು ಪೊಟ್ಯಾಸಿಯಂ ಏರಿಸುತ್ತವೆ, ಕೆಲವು ಸೋಡಿಯಂ ಇಳಿಸುತ್ತವೆ. ಉಪ್ಪು, ಎಳನೀರು ಎರಡರ ಲೆಕ್ಕವನ್ನೂ ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿ ಕೇಳಿ.

ನೋವಿನ ಮಾತ್ರೆ ಐಬುಪ್ರೊಫೆನ್ ಜಾತಿಯದ್ದಾದರೆ ಓಟದ ದಿನ ಬೇಡವೇ ಬೇಡ. ಮೈಯ ನೀರು ಆರಿದ್ದಾಗ, ಅದರಲ್ಲೂ ರಕ್ತದೊತ್ತಡದ ಮಾತ್ರೆಯ ಜೊತೆ, ಅದು ಮೂತ್ರಪಿಂಡಕ್ಕೆ ನೇರ ಹೊಡೆತ. ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಎರಡೂ ಮಾತ್ರೆಗಳ ಪಟ್ಟಿಯನ್ನು ಕೈಚೀಲದಲ್ಲಿ ಹಾಕಿಕೊಳ್ಳಿ.