ಅಜ್ಜನ ಟಾಟಾಮೊಬೈಲ್ ಪಿಕಪ್: ಹಳೇ ಹಾಗೇ ಮಾಡಿಸಬೇಕಾ, ಮಾಡಿಫೈ ಮಾಡಿಸಬೇಕಾ?

ಅಂಕೋಲಾದ ಮನೆಯಲ್ಲಿ ಅಜ್ಜನ 1991ರ ಟಾಟಾಮೊಬೈಲ್ 206 ನಿಂತಿದೆ, ಕಂಪನಿಯಿಂದ ಬಂದ ಹಾಗೇ ಮಾಡಿಸಲಾ, ಅಥವಾ ಅಮೆರಿಕದ ವಿಡಿಯೊಗಳಲ್ಲಿ ತೋರಿಸುವಂತೆ ಗಾಡಿ ತಗ್ಗಿಸಿ, ಅಗಲ ಟಯರ್ ಹಾಕಿ, ಬೇರೆ ಎಂಜಿನ್ ಕೂರಿಸಲಾ ಅಂತ ಕೇಳಿದ್ದೀರಿ. ಸಿರ್ಸಿ ಹತ್ತಿರ ನಮ್ಮ ಮನೆಯಲ್ಲೂ ಇದೇ ಗಾಡಿ ಇದೆ. ಅಡಿಕೆ, ಗೊಬ್ಬರ ಹೊತ್ತ ಗಾಡಿ, ಈಗಲೂ ಓಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ: ಕತ್ತರಿಸುವ, ವೆಲ್ಡ್ ಮಾಡುವ ಬದಲಾವಣೆ ಯಾವುದೂ ಬೇಡ. ಬೋಲ್ಟ್ ಬಿಚ್ಚಿ ವಾಪಸ್ ತೆಗೆಯಬಹುದಾದದ್ದು ಏನು ಬೇಕಾದರೂ ಮಾಡಿ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಫೋರ್ಡ್ ಕಂಪನಿಯ ಎಫ್-ಸೀರೀಸ್ ಪಿಕಪ್ 1948ರಿಂದ ಬಂದಿದೆ, ಎಫ್-100 ಶುರುವಾದದ್ದು 1953ರಲ್ಲಿ. ಲಕ್ಷಗಟ್ಟಲೆ ಮಾಡಿದ ಗಾಡಿಗಳು. ಬಾಗಿಲು, ಫೆಂಡರ್ ಇವತ್ತಿಗೂ ಹೊಸದಾಗಿ ಸಿಗುತ್ತವೆ. ಒಂದನ್ನು ಕೊಯ್ದರೆ ಯಾರಿಗೂ ನಷ್ಟ ಇಲ್ಲ. ಟಾಟಾಮೊಬೈಲ್ ಬಂದದ್ದು 1988ರಲ್ಲಿ, ಆಗ ಟಾಟಾ ಮೋಟಾರ್ಸ್ ಹೆಸರು ಟೆಲ್ಕೊ. ಮೈಮುರಿದು ದುಡಿದು, ಹೆಚ್ಚಿನವು ಗುಜರಿ ಸೇರಿದವು. ಇನ್ನು ನಮ್ಮ ಕಡೆಯ ಚಿರೆಕಲ್ಲಿನ ತೋಟದ ದಾರಿಯಲ್ಲಿ ಗಾಡಿ ತಗ್ಗಿಸಿ ಓಡಿಸುವುದನ್ನು ನೆನೆಸಿಕೊಂಡರೇ ನನಗೆ ನಗು ಬರುತ್ತದೆ.

ಎಂಜಿನ್ ಬದಲಿಸುವ ಆಸೆಗೆ ಕಾನೂನೂ ಅಡ್ಡ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಸಿ ತೆಗೆದು ನೋಡಿ. ಗೂಡ್ಸ್ ಅಂತ ಇದ್ದರೆ ಇಷ್ಟು ಹಳೇ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿದಾಗ ಬೇರೆ ಎಂಜಿನ್ ಕಂಡರೆ ಉತ್ತರ ಹೇಳುವವರು ನೀವೇ, ಗ್ಯಾರೇಜಿನವನಲ್ಲ. ಮತ್ತೊಂದು ವಿಷಯ, 2021ರಿಂದ ವಿಂಟೇಜ್ ನೋಂದಣಿ ಬಂದಿದೆ. 50 ವರ್ಷ ದಾಟಿರಬೇಕು, ಸ್ವಂತ ಬಳಕೆಯದ್ದಾಗಿರಬೇಕು, ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು), ಬಾಡಿ, ಎಂಜಿನ್ ಮೂಲದಲ್ಲಿದ್ದಂತೆಯೇ ಇರಬೇಕು. ನಿಮ್ಮ ಗಾಡಿಗೆ ಆ ವಯಸ್ಸು ಬರುವುದು 2041ಕ್ಕೆ. ದೂರ ಇದೆ, ಆದರೆ ಇವತ್ತು ಕೊಯ್ದರೆ ಆ ಬಾಗಿಲು ಈಗಲೇ ಮುಚ್ಚಿದ ಹಾಗೆ.

ಆ ಎಂಜಿನ್ ಕೆಟ್ಟದ್ದೂ ಅಲ್ಲ. 1948 ಸಿಸಿ ಡೀಸೆಲ್. ಮುಂದೆ ಟಾಟಾದ ಸಿಯೆರಾಗೆ, 1994ರಲ್ಲಿ ಬಂದ ಸುಮೋಗೆ ಹಾಕಿದ್ದೂ ಇದನ್ನೇ. ಹಾಗಾಗಿ ಎಂಜಿನ್ ಸಾಮಾನು ಹುಡುಕುವುದು ಅಷ್ಟು ಕಷ್ಟ ಅಲ್ಲ. ಜೀವ ತಿನ್ನುವುದು ಗ್ಲಾಸಿನ ರಬ್ಬರ್ ಬೀಡಿಂಗ್, ಹಿಂದಿನ ಲೈಟು, ಹೆಸರಿನ ಪಟ್ಟಿ. ಕಿತ್ತುಹೋಗಿದ್ದರೂ ಎಸೆಯಬೇಡಿ.

ನಿಮ್ಮ ನಿಜವಾದ ತಲೆನೋವು ತುಕ್ಕು. ಅಂಕೋಲಾದಲ್ಲಿ ಸಮುದ್ರದ ಗಾಳಿ, ನಾಲ್ಕು ತಿಂಗಳು ಮಳೆ. ಉಪ್ಪಿನ ಪಸೆ ಕಬ್ಬಿಣದ ಮೇಲೆ ಕೂತರೆ ಒಣಗುವುದೇ ಇಲ್ಲ. ಹೊರಗಿನ ಪೇಂಟ್ ನೋಡಿ ಏನೂ ತೀರ್ಮಾನಿಸಬೇಡಿ. ಕ್ಯಾಬಿನ್‌ನ ರಬ್ಬರ್ ಮ್ಯಾಟ್ ಎತ್ತಿ, ಡ್ರೈವರ್ ಕಾಲಿಡುವ ಮೂಲೆಯಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ. ಟಣ್ ಅಂದರೆ ಬದುಕಿದಿರಿ. ಬಿಸ್ಕತ್ತಿನ ಹಾಗೆ ಪುಡಿಯಾಗಿ ಒಳಗೆ ಇಳಿದರೆ ಆ ತಗಡು ಪೂರ್ತಿ ಬದಲಿಸಬೇಕು. ಬಾಗಿಲ ಕೆಳ ಅಂಚಿನಲ್ಲಿ ನೀರು ಇಳಿಯುವ ಸಣ್ಣ ತೂತುಗಳು ಮಣ್ಣಿನಿಂದ ಮುಚ್ಚಿರುತ್ತವೆ, ಕಡ್ಡಿ ಹಾಕಿ ನೋಡಿ. ಕೊನೆಗೆ ಗಾಡಿ ಕೆಳಗೆ ಮಲಗಿ, ಸಾಮಾನು ಹೊರುವ ಹಿಂದಿನ ಡಬ್ಬಿ ಚಾಸಿಯ ಮೇಲೆ ಕೂರುವ ಜಾಗ, ಲೀಫ್ ಸ್ಪ್ರಿಂಗನ್ನು (ಪಟ್ಟಿ ಸ್ಪ್ರಿಂಗ್) ಚಾಸಿಗೆ ಹಿಡಿದಿಡುವ ಹ್ಯಾಂಗರ್ ಸುತ್ತ ಸುತ್ತಿಗೆಯಿಂದ ತಟ್ಟಿ. ಅಜ್ಜ ಯಾವತ್ತಾದರೂ ಮೀನಿನ ಬಾಡಿಗೆಗೆ ಹೋಗಿದ್ದರೆ ಇಲ್ಲಿ ಇನ್ನೂ ಜಾಸ್ತಿ ನೋಡಬೇಕು. ಐಸ್ ಕರಗಿದ ನೀರು ಇಳಿಯುವುದು ಅಲ್ಲಿಗೇ.

ಟಿಂಕರಿಂಗ್‌ನವರು ತೂತಿಗೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ದೀಪಾವಳಿಗೆ ಫಳಫಳ, ಮುಂದಿನ ಮಳೆಗಾಲಕ್ಕೆ ಗುಳ್ಳೆ. ಸ್ಯಾಂಡ್ ಬ್ಲಾಸ್ಟಿಂಗ್ (ಮರಳನ್ನು ಜೋರಾಗಿ ಊದಿ ತುಕ್ಕು ಕೆರೆಯುವುದು) ಮಾಡಿಸಿ, ತಗಡು ಹಸಿ ಹಿಡಿಯುವ ಮೊದಲೇ ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯುವ ಅಡಿ ಬಣ್ಣ) ಹೊಡೆಸಿ. ಈ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಚಾಸಿ ನಂಬರ್ ಕೊರೆದ ಜಾಗಕ್ಕೆ ಮಾತ್ರ ದಪ್ಪ ಟೇಪ್ ಸುತ್ತಿಡಿ, ಅದಕ್ಕೂ ಮೊದಲು ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಆ ಅಕ್ಷರ ಸವೆದರೆ ಆರ್‌ಟಿಒದಲ್ಲಿ ಒದ್ದಾಟ ತಪ್ಪಿದ್ದಲ್ಲ.

ಸುರಕ್ಷತೆಯ ವಿಷಯದಲ್ಲಿ ನಾನು ಹಳೇದಕ್ಕೆ ಅಂಟಿಕೊಳ್ಳುವುದಿಲ್ಲ. ವೈರಿಂಗ್ ಪೂರ್ತಿ ಹೊಸದು, ಹೆಡ್‌ಲೈಟಿಗೆ ರಿಲೇ (ಹೆಚ್ಚು ಕರೆಂಟ್ ಸ್ವಿಚ್ಚಿನ ಮೂಲಕ ಹರಿಯದಂತೆ ಮಾಡುವ ಭಾಗ), ಬ್ರೇಕಿನ ರಬ್ಬರ್ ಪೈಪು, ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಎಲ್ಲ ಹೊಸದು. ಸೀಟ್ ಬೆಲ್ಟ್ ಇಲ್ಲದಿದ್ದರೆ ಹಾಕಿಸಿ. ದೇವಿಮನೆ ಘಟ್ಟ ಇಳಿಯುವಾಗ ಗಾಡಿ ಎಷ್ಟು ಒರಿಜಿನಲ್ ಅಂತ ಯಾರೂ ಕೇಳುವುದಿಲ್ಲ.

ಇನ್ನು ಯಾವ ಕಾಲದ ಗಾಡಿ ಮಾಡಿಸುತ್ತೀರಿ ಅನ್ನುವುದನ್ನೂ ಯೋಚಿಸಿ. ನಮ್ಮ ಕಡೆ ಪಿಕಪ್ ಮನೆಗೆ ಬಂದ ಮೇಲೆ ತಾಡಪತ್ರಿ ಕಟ್ಟಲು ಪೈಪಿನ ಚೌಕಟ್ಟು, ಭಾರಕ್ಕೆ ಹೆಚ್ಚುವರಿ ಸ್ಪ್ರಿಂಗ್ ಹಾಕಿಸುವುದು ಮಾಮೂಲು. ನಮ್ಮ ಗಾಡಿಯ ಆ ಚೌಕಟ್ಟನ್ನು ಕಿತ್ತು ಶೋರೂಮಿನ ರೂಪಕ್ಕೆ ತರಲು ನನಗಂತೂ ಮನಸ್ಸು ಬರಲಿಲ್ಲ. ಹೆಚ್ಚುವರಿ ಸ್ಪ್ರಿಂಗ್ ಮಾತ್ರ ತೆಗೆಸಿದೆ, ಖಾಲಿ ಗಾಡಿ ಸುಮ್ನೆ ಕುಣಿಯುತ್ತಿತ್ತು. ಬಣ್ಣಕ್ಕೆ ಬಾಗಿಲಿನ ರಬ್ಬರ್ ಎಳೆದು ಅಡಿ ನೋಡಿ. ಮೇಲೆ ಎಷ್ಟು ಸಲ ಪೇಂಟ್ ಹೊಡೆದಿದ್ದರೂ ಅಲ್ಲಿ ಕಂಪನಿಯ ಬಣ್ಣ ಉಳಿದಿರುತ್ತದೆ. ಅಷ್ಟು ತುಂಡನ್ನು ತೋರಿಸಿದರೆ ಪೇಂಟ್ ಅಂಗಡಿಯವರು ಹೊಂದಿಸಿ ಕೊಡುತ್ತಾರೆ.

ಎಷ್ಟು ಖರ್ಚಾಗಬಹುದು ಅಂತಲೂ ಕೇಳಿದ್ದೀರಿ. ಎಂಜಿನ್‌ಗಿಂತ ತಗಡಿನ ಕೆಲಸವೇ ದುಡ್ಡು ನುಂಗುವುದು. ನೀವು ಹಾಕಿರುವ ಫೋಟೊಗಳೆಲ್ಲ ಮುಂಭಾಗದ್ದು. ಚಾಸಿಯ ಹಿಂದಿನ ಅರ್ಧದ ಫೋಟೊ ಹಾಕಿ, ಅದು ಗಟ್ಟಿ ಇದೆಯಾ ಅಂತ ನೋಡಿ ಆಮೇಲೆ ಅಂದಾಜು ಹೇಳುತ್ತೇನೆ.